ಸೋನಲ ಉಪಾಧ್ಯೆಯ ಚಾತುರ್ಮಾಸ

ನಮ್ಮಲ್ಲಿ ಉದ್ಘಾಟನೆಗೆ ಮಂತ್ರಿ ಸಿಗುತ್ತಾರೆ, ರಿಪೇರಿಗೆ ಗೌಂಡಿ ಸಿಗುವುದಿಲ್ಲ. ಸಾಂಗ್ಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಒಂದೇ ಮಹಾನಗರ ಎಂದು ಬೋರ್ಡು ಬರೆದ ಮೇಲಂತೂ ಈ ಚಾಳಿ ಹೆಚ್ಚಾಯಿತು. ಸಾಂಗ್ಲಿ-ಮಿರಜ ರಸ್ತೆಯ ಎರಡೂ ಕಡೆ ಗಾಜಿನ ಶೋರೂಮುಗಳು ಎದ್ದವು. ಅವುಗಳ ಮುಂದಿನ ಗಟಾರದ ಕಲ್ಲು ಒಡೆದದ್ದು ಒಡೆದಂತೆಯೇ ಉಳಿಯಿತು. ಹೊಸದು ಎಂದರೆ ಸಾಕು, ಕೈ ಮುಗಿಯುವ ಜನ ನಾವು. ಇದ್ದದ್ದು ಕೆಡದಂತೆ ಕಾಯುವವರನ್ನು ಕಂಡರೆ ನಮಗೆ ಅಸಡ್ಡೆ. ಕಾಯುವವಳು ಹೆಂಗಸಾದರೆ ಅಸಡ್ಡೆಯೂ ಅಲ್ಲ, ಸಿಟ್ಟು.

ಅಂಥ ಒಬ್ಬ ಹೆಂಗಸು ಮಿರಜದಲ್ಲಿದ್ದಾಳೆ. ಹೆಸರು ಸೋನಲ ಉಪಾಧ್ಯೆ. ಬಸದಿಯ ಹಿಂದಿನ ಓಣಿಯಲ್ಲಿ ಮನೆ. ತಂದೆ ಬಾಬಾಸಾಹೇಬ ಉಪಾಧ್ಯೆ ಅದೇ ಬಸದಿಯಲ್ಲಿ ಪೂಜೆ ಮಾಡುತ್ತಾರೆ. ಮಗಳು ಸಾಂಗ್ಲಿಯ ವಿಶ್ರಾಮಬಾಗದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾಳೆ; ಬೆಳಿಗ್ಗೆ ಸೀಟು ರಿಕ್ಷಾದಲ್ಲಿ ಒತ್ತಿಕೊಂಡು ಹೋಗಿ ಮಧ್ಯಾಹ್ನ ಹಾಗೆಯೇ ಒತ್ತಿಕೊಂಡು ಬರುತ್ತಾಳೆ. ಮದುವೆಯಾಗಿಲ್ಲ. ಅದು ಅವಳಿಗೆ ಬಿಟ್ಟದ್ದು; ಅದನ್ನು ಚರ್ಚಿಸಲು ಓಣಿಯಲ್ಲಿ ಜನ ಬೇಕಾದಷ್ಟಿದ್ದಾರೆ.

ಪಾಠ ಅವಳ ಹೊಟ್ಟೆಪಾಡು. ಅವಳ ನಿಜವಾದ ಕೆಲಸಕ್ಕೆ ಸಂಬಳವಿಲ್ಲ. ರಕ್ತ, ಮೂತ್ರ ಪರೀಕ್ಷೆ ಮಾಡುವ ಸಣ್ಣ ಲ್ಯಾಬುಗಳಿಗಾಗಿ 'ತಪಾಸ್' ಎಂಬ ಒಂದು ಸಾಫ್ಟ್‌ವೇರ್ ಇದೆ. ಯಾರೂ ಅದರ ಮಾಲೀಕರಲ್ಲ. ಅದರ ಕೋಡ್ ಎಲ್ಲರಿಗೂ ತೆರೆದಿದೆ. ಬೇಕಾದವರು ಓದಬಹುದು, ಬಳಸಬಹುದು, ತಿದ್ದಬಹುದು. ಪುಣೆಯ ಹುಡುಗರು ಒಂದಿಷ್ಟು ಬರೆದರು, ಇಂದೂರಿನವರು ಒಂದಿಷ್ಟು, ನೇಪಾಳದ ಒಬ್ಬ ಡಾಕ್ಟರು ಒಂದಿಷ್ಟು, ಸೋನಲ ಒಂದಿಷ್ಟು. ಆಸ್ಪತ್ರೆಗಳ ಊರಾದ ಮಿರಜದಲ್ಲಿ ಲ್ಯಾಬುಗಳಿಗೆ ಬರವಿಲ್ಲ, ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹೀಗಾಗಿ ತಪಾಸ್ ಇಲ್ಲಿ ಮನೆಮಾತಾಯಿತು.

ಇಂಥ ಸಾಫ್ಟ್‌ವೇರಿಗೆ ಎರಡು ಹಾದಿಗಳಿರುತ್ತವೆ. ಒಂದು ಎಲ್ಲರೂ ದಿನವೂ ಬರೆಯುವ ಹಾದಿ. ಹೊಸ ಕಲ್ಪನೆ, ಹೊಸ ಸೌಕರ್ಯ, ಹೊಸ ತಪ್ಪು ಎಲ್ಲ ಅಲ್ಲಿ ಬರುತ್ತವೆ, ಬರಬೇಕು ಕೂಡ. ಇನ್ನೊಂದು, ಒಂದು ಘಳಿಗೆ ನೋಡಿ ಅದರಿಂದ ಕವಲು ತೆಗೆದು, ತಿಕ್ಕಿ ತೊಳೆದು ಪರೀಕ್ಷಿಸಿ ಲ್ಯಾಬುಗಳಿಗೆ ಕೊಡುವ ಪ್ರತಿ. ಇದಕ್ಕೆ ಸ್ಟೇಬಲ್ ಬ್ರಾಂಚ್ ಅನ್ನುತ್ತಾರೆ. ಹರಿಪುರದಲ್ಲಿ ಹಿಂದೆ ನೆಲದಡಿಯ ಪೇವುಗಳಲ್ಲಿ ಅರಿಷಿಣ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ. ಮುಚ್ಚಿದ ಪೇವಿಗೆ ನಡುವೆ ಬುಟ್ಟಿ ಹಸಿ ಮಾಲು ಸುರಿದರೆ ಇದ್ದದ್ದೂ ಹಾಳು. ಸ್ಟೇಬಲ್ ಬ್ರಾಂಚಿನೊಳಗೆ ಏನು ಹೋಗಬೇಕು, ಏನು ಹೋಗಬಾರದು ಎಂದು ಹೇಳುವ ಹಕ್ಕು ಸೋನಲಳದಾಗಿತ್ತು. ಅವಳ ಕೀಲಿ ಇಲ್ಲದೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಬೇರೆ ಯಾರಿಗೂ ಈ ಕೆಲಸ ಬೇಕಿರಲಿಲ್ಲ; ಹೊಸದು ಬರೆದವನಿಗೆ ಹೆಸರು ಬರುತ್ತದೆ, ಬೇಡ ಎನ್ನುವವಳಿಗೆ ಬೈಗುಳ.

ಹೊಳೆಯ ಮಹಾಪೂರ ಊರೊಳಗೆ ನುಗ್ಗಿದ ಮರುವರ್ಷದ ಮಳೆಗಾಲದಲ್ಲಿ ಒಂದು ಅನಾಹುತವಾಯಿತು. ಪ್ಲೇಟ್‌ಲೆಟ್ಟಿನ ಲೆಕ್ಕವನ್ನು ಕೆಲವು ಲ್ಯಾಬಿನವರು ಸಾವಿರದಲ್ಲಿ ಬರೆಯುತ್ತಾರೆ, ಕೆಲವರು ಲಕ್ಷದಲ್ಲಿ. ಪುಣೆಯವರು ಓದಲು ಸುಲಭವಾಗಲಿ ಎಂದು ಎಲ್ಲವನ್ನೂ ತಾನೇ ಲಕ್ಷಕ್ಕೆ ತಿರುಗಿಸುವ ಸೌಕರ್ಯ ಬರೆದರು. ಚೆಂದವಿತ್ತು. ಆಗಸ್ಟಿನಲ್ಲಿ ಸೋನಲಳ ಕೀಲಿಯಿಂದಲೇ ಸ್ಟೇಬಲ್‌ಗೂ ಬಂತು. ಸಾವಿರದಲ್ಲಿ ಬರೆಯುವ ಒಂದು ಲ್ಯಾಬಿನಲ್ಲಿ ದಶಮಾಂಶದ ಚುಕ್ಕೆ ಒಂದು ಮನೆ ಆಚೆ ಸರಿಯಿತು. ಖಂಡೇರಾಜುರಿಯ ಸಾವಂತ್ರವ್ವ ಎಂಬ ಮುದುಕಿಗೆ ಡೆಂಗಿ; ಹದಿನಾಲ್ಕು ಸಾವಿರಕ್ಕೆ ಇಳಿದಿದ್ದ ಪ್ಲೇಟ್‌ಲೆಟ್ಟು ಕಾಗದದ ಮೇಲೆ ಒಂದು ಪಾಯಿಂಟ್ ನಾಲ್ಕು ಲಕ್ಷ ಎಂದು ಅಚ್ಚಾಯಿತು. ಹೆದರುವಂಥದ್ದೇನಿಲ್ಲ ಎಂದು ಮುದುಕಿಯನ್ನು ಬಸ್ಸಿಗೆ ಹತ್ತಿಸಿದರು. ಹಾದಿಯಲ್ಲೇ ಹಲ್ಲಿನ ಸಂದಿಯಿಂದ ರಕ್ತ. ತಿರುಗಿ ಹೊತ್ತು ತಂದರು. ಬದುಕಿದಳು. ಬದುಕಿದ್ದರಿಂದ ಅದು ಪೇಪರಿನಲ್ಲಿ ಬರಲಿಲ್ಲ.

ಮಳೆಗಾಲದಲ್ಲಿ ಲ್ಯಾಬು ಎಂದರೆ ಸಂತೆ. ಡೆಂಗಿ, ಕಾಮಾಲೆ, ಇಲಿಜ್ವರ. ಕರೆಂಟು ಹೋಗುತ್ತದೆ, ಫೋನು ಸಾಯುತ್ತದೆ, ಬೆಂಚಿನ ಮೇಲೆ ಜನ ಒರಗಿ ಬಿದ್ದಿರುತ್ತಾರೆ. ಒಂದು ಅಂಕಿಯನ್ನು ಎರಡನೆಯ ಸಲ ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಯಾರೂ ಎರಡನೆಯ ಸಲ ನೋಡದ ಕಾಲದಲ್ಲಿ ಹೊಸದನ್ನು ಒಳಗೆ ಬಿಡಬಾರದು ಎಂದು ಸೋನಲ ನಿಶ್ಚಯಿಸಿದಳು. ಆಷಾಢದಿಂದ ಕಾರ್ತಿಕದವರೆಗೆ ಸ್ಟೇಬಲ್ ಬ್ರಾಂಚ್ ಬಂದ್. ಕೆಟ್ಟದ್ದನ್ನು ಸರಿಮಾಡಲು ಮಾತ್ರ ತೆರೆಯುತ್ತದೆ, ಬೇರೆ ಯಾತಕ್ಕೂ ಇಲ್ಲ. ಜೈನ ಮುನಿಗಳು ಮಳೆಗಾಲದಲ್ಲಿ ನೆಲದ ತುಂಬ ಜೀವಜಂತು ಇರುತ್ತವೆಂದು ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುತ್ತಾರೆ. ಮನೆಯಲ್ಲಿ ಕೇಳಿ ಬೆಳೆದ ಹೆಸರು ಬಾಯಿಗೆ ಬಂತು, ಇದಕ್ಕೂ ಚಾತುರ್ಮಾಸ ಎಂದು ಕರೆದಳು. ಇಂದೂರಿನವರೂ ಹಾಗೆಯೇ ಕರೆದರು, ನೇಪಾಳದ ಡಾಕ್ಟರೂ. ಕೆಲವು ವರ್ಷ ಯಾರೂ ತಕರಾರು ಮಾಡಲಿಲ್ಲ, ಏಕೆಂದರೆ ಅಲ್ಲಿಯವರೆಗೆ ತಪಾಸ್ ಮೇಲೆ ದೊಡ್ಡವರ ಕಣ್ಣು ಬಿದ್ದಿರಲಿಲ್ಲ.

ಆಮೇಲೆ ಬಿತ್ತು. ಮುಂಬಯಿಯ ಬಂಡವಾಳದ ಒಂದು ಕಂಪನಿ ಜಿಲ್ಲೆಯ ತುಂಬ ತಪಾಸಣಾ ಕೇಂದ್ರಗಳನ್ನು ತೆರೆಯಲು ಹೊರಟಿತು. ಪುಕ್ಕಟೆ ಸಿಗುವ ತಪಾಸ್ ಅದಕ್ಕೆ ಹಿಡಿಸಿತು. ಸಾಂಗ್ಲಿಯಲ್ಲಿ ಅದರ ಮ್ಯಾನೇಜರ್ ಆದವನು ಧೀರಜ. ಸೋನಲಳ ಕಾಕಾ ಶಾಂತಿನಾಥರ ಮಗ, ಅವಳಿಗಿಂತ ಚಿಕ್ಕವನು. ಆಷಾಢ ಹಿಡಿದು ಬ್ರಾಂಚ್ ಮುಚ್ಚಿದ ಮೇಲೆ ಪೇಢೆಯ ಪೊಟ್ಟಣ ಹಿಡಿದು ಮನೆಗೆ ಬಂದ.

“ಅಕ್ಕಾ, ಒಂದ ಒಂದು ಕೆಲಸ. ರಿಪೋರ್ಟು ಸೀದಾ ಪೇಶಂಟನ ಮೊಬೈಲಿಗೆ ಹೋಗೂದು. ಪುಣ್ಯಾದಾಗ ಹುಡುಗೋರು ಬರದ ಇಟ್ಟಾರ. ನೀ ಬರೇ ಸ್ಟೇಬಲ್‌ನ್ಯಾಗ ತಗೋ.”

“ಕಾರ್ತಿಕ ಮುಗೀಲಿ, ತಗೋತೀನಿ.”

“ಕಾರ್ತಿಕ? ಹದಿನೈದ ಆಗಸ್ಟಿಗೆ ಉದ್ಘಾಟನ ಐತಿ! ಮಂತ್ರಿ ಡೇಟ್ ಕೊಟ್ಟಾರ. ಆಮಂತ್ರಣ ಪತ್ರಿಕಾ ಛಾಪಿಸೇವಿ.”

“ರಿಬ್ಬನ್ ಕತ್ತರಸಾಕ ಮಂತ್ರಿಗೆ ನನ್ನ ಕೋಡ್ ಯಾಕೋ? ಕತ್ರಿ ಕೊಡು, ಸಾಕು.”

“ಚೇಷ್ಟಿ ಮಾಡಬ್ಯಾಡ ಅಕ್ಕಾ. ಟೆಸ್ಟ್ ಎಲ್ಲಾ ಆಗೈತಿ.”

“ಎಲ್ಲಿ?”

“ಪುಣ್ಯಾದಾಗ.”

“ಹೂಂ. ಅಲ್ಲಿ ಕರೆಂಟ್ ಹೋಗೂದಿಲ್ಲ. ಇಲ್ಲಿ ಅರ್ಧ ರಿಪೋರ್ಟ್ ಆದಾಗ ಕರೆಂಟ್ ಹೋಗಿ ಬಂದ್ರ ಯಾರದು ಯಾರಿಗೆ ಹೋಗತೈತಿ, ನೋಡೀರೇನು? ಒಂದ ಮನ್ಯಾಗ ಒಂದ ಫೋನ್ ಇರತೈತಿ. ಸೊಸಿ ರಿಪೋರ್ಟ್ ಮಾವನ ಕೈಗೆ ಹೋದ್ರ?”

“ಹೋದ್ರ ಏನಾತು? ಅಂಥಾದ್ದೇನಿರತೈತಿ ಅದರಾಗ?”

“ಅದನ್ನ ನಾ ಹೇಳೂದು. ನಿನಗೂ ಗೊತ್ತಿಲ್ಲ. ಮಾವಗೂ ಗೊತ್ತಾಗಬಾರದು.”

ಧೀರಜ ಪೇಢೆ ತಟ್ಟೆಯನ್ನು ಅವಳ ಕಡೆ ಸರಿಸಿದ. ಅವಳು ಒಂದು ತಿಂದಳು. ರುಚಿಯಾಗಿದೆ ಅಂದಳು. ಬ್ರಾಂಚ್ ತೆರೆಯಲಿಲ್ಲ.

“ನಿನಗ ಹೊಸದು ಕಂಡ್ರ ಆಗೂದಿಲ್ಲ, ಹೌದಲ್ಲ?” ಎಂದು ಎದ್ದ.

“ನಾನೂ ದಿನಾ ಹೊಸದು ಬರೀತೀನಿ. ಮಳಿಗಾಲದಾಗ ಜಡ್ಡಿನ ಮಂದಿ ಮೈಮ್ಯಾಲ ಸುರವೂದಿಲ್ಲ, ಅಷ್ಟ.”

ಇಷ್ಟು ನೇರ ಮಾತು ಬೇರೆ ಯಾರಿಗಾದರೂ ತಿಳಿಯುತ್ತಿತ್ತು. ಧೀರಜನಿಗೆ ತಿಳಿಯಲಿಲ್ಲ. ಉಪಾಧ್ಯೆಯ ಮಗಳು, ಚಾತುರ್ಮಾಸ ಅನ್ನುತ್ತಾಳೆ. ಅಂದ ಮೇಲೆ ಇದೊಂದು ವ್ರತ ಎಂದು ಅವನ ಲೆಕ್ಕ. ವ್ರತವಾದರೆ ಅದಕ್ಕೆ ಬಿಡುಗಡೆ ಕೊಡುವವರೂ ಇರಲೇಬೇಕಲ್ಲ? ಆ ವರ್ಷ ಮಿರಜದ ಬಸದಿಯಲ್ಲಿ ಚಿಕ್ಕೋಡಿ ಕಡೆಯ ಒಬ್ಬ ವೃದ್ಧ ಮುನಿಗಳು ಚಾತುರ್ಮಾಸಕ್ಕೆ ನಿಂತಿದ್ದರು. ಧೀರಜ ಹಣ್ಣುಕಾಯಿ ಹಿಡಿದು ಅಲ್ಲಿಗೆ ಹೋದ. ಕಂಪನಿಯ ಹೆಸರೆತ್ತಲಿಲ್ಲ, ಮಂತ್ರಿಯ ಹೆಸರೆತ್ತಲಿಲ್ಲ. ರೋಗಿಗಳ ಸೇವೆಗಾಗಿ ಚಾತುರ್ಮಾಸದ ಒಂದು ನೇಮ ಸಡಿಲಿಸಬಹುದೇ ಮಹಾರಾಜ ಎಂದು ಕೇಳಿದ. ರೋಗಿಗಳ ಸೇವೆಗಾದರೆ ಸಡಿಲಿಸಬಹುದು ಎಂದರು ಅವರು. ಅವರಾದರೂ ಮತ್ತೇನು ಹೇಳಬೇಕಿತ್ತು?

ಮಾರನೆಯ ದಿನ ಧೀರಜನೂ ಶಾಂತಿನಾಥ ಕಾಕಾನೂ ವಿಜಯೋತ್ಸಾಹದಲ್ಲಿ ಮನೆಗೆ ಬಂದರು. ಬಾಬಾಸಾಹೇಬರಿಗೆ ಎದೆಯ ಭಾರ ಇಳಿದಂತಾಯಿತು.

“ಆತಲ್ಲವಾ ಇನ್ನ,” ಎಂದರು ಮಗಳಿಗೆ. “ಮಹಾರಾಜರು ಹೂಂ ಅಂದಾರ. ನಿನ್ನ ಮ್ಯಾಲ ಇನ್ನ ದೋಷ ಇಲ್ಲ.”

“ಅಪ್ಪಾ, ನಿನ್ನೆ ನಾ ಏನ್ ತಿಂದೆ ಗೊತ್ತೇನ್ರಿ?”

“ಏನ್ ತಿಂದಿ?”

“ಸ್ಟ್ಯಾಂಡಿನ ಮುಂದ ನಿಂತು ಕಾಂದಾ ಭಜಿ.”

ಚಾತುರ್ಮಾಸದಲ್ಲಿ, ಉಪಾಧ್ಯೆಯ ಮನೆಯ ಮಗಳು, ಉಳ್ಳಾಗಡ್ಡಿ! ಕಾಕಾ ಕಿವಿ ಮುಚ್ಚಿಕೊಂಡು “ಜಿನೇಂದ್ರಾ, ಜಿನೇಂದ್ರಾ” ಅಂದರು. ಬಾಬಾಸಾಹೇಬರು ಗೋಡೆ ನೋಡಿದರು.

“ನನಗ ಯಾ ವ್ರತಾನೂ ಇಲ್ಲರಿ ಕಾಕಾ,” ಎಂದಳು ಸೋನಲ. “ಇಲ್ಲದ ವ್ರತಕ್ಕ ನಿಮ್ಮ ಮಗ ಬಿಡುಗಡಿ ತಂದಾನ. ತಗೊಂಡು ಏನ್ ಮಾಡ್ಲಿ?”

“ಅಲ್ಲಾ ಅಕ್ಕಾ, ಹಂಗಾರ ಚಾತುರ್ಮಾಸ ಅಂತ ಯಾಕ ಹೆಸರಿಟ್ಟಿ?” ಧೀರಜ ಕೂಗಿದ.

“ನಾಲ್ಕು ತಿಂಗಳದ ಹೆಸರು ಅದು. ಲಾಕ್‌ಡೌನ್ ಪೀರಿಯಡ್ ಅಂತ ಇಂಗ್ಲಿಷಿನ್ಯಾಗ ಇಟ್ಟಿದ್ರ ಸುಮ್ಮ ಇರತಿದ್ದೇನು?”

ತಂದೆ ಆ ಸಂಜೆ ಊಟ ಮಾಡಲಿಲ್ಲ. ಸಮಾಜದಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂಬ ಚಿಂತೆ. ಮುನಿಗಳ ಮಾತನ್ನು ಮಗಳು ಮೀರಿದಳು ಎಂಬ ಸುದ್ದಿ ಆಗಲೇ ಕಿರಾಣಿ ಅಂಗಡಿಯವರೆಗೆ ಹೋಗಿತ್ತು. ಮೀರದೆ ಇದ್ದರೆ ಬ್ರಾಂಚ್ ತೆರೆಯಬೇಕು. ಮೀರಿದರೆ ತಂದೆ ಪೂಜೆ ಮಾಡುವ ಜಾಗದಲ್ಲೇ ಅವರ ಮಾನ ಹೋಗಬೇಕು. ಬೇರೆಯವಳಾಗಿದ್ದರೆ ಜ್ವರ ಎಂದು ಮುಸುಕೆಳೆದು ಮಲಗುತ್ತಿದ್ದಳು. ಇವಳು ಮರುದಿನ ಬೆಳಿಗ್ಗೆ ಕ್ಲಾಸಿಗೆ ರಜೆ ಹಾಕಿ ಬಸದಿಗೇ ಹೋದಳು.

ಪ್ರವಚನ ಮುಗಿದಿತ್ತು. ಹೆಂಗಸರ ಚಾಪೆಯ ತುದಿಯಲ್ಲಿ ಕೂತಿದ್ದವಳು ಎದ್ದು ದೂರದಿಂದ ಕೈ ಮುಗಿದಳು.

“ನಮೋಸ್ತು ಮಹಾರಾಜ. ಧೀರಜ ನಿಮ್ಮ ಮುಂದ ಅರ್ಧಾ ಮಾತು ಹೇಳ್ಯಾನ.”

ಧೀರಜ ಗಂಡಸರ ಸಾಲಿನಲ್ಲೇ ಇದ್ದ. ಬಾಬಾಸಾಹೇಬರು ಕಂಬದ ಬಳಿ ನಿಂತಿದ್ದರು. ಸೋನಲ ಎಲ್ಲವನ್ನೂ ಬಿಡಿಸಿ ಹೇಳಿದಳು: ಎರಡು ಹಾದಿ, ಮಳೆಗಾಲ, ಸಾವಂತ್ರವ್ವ, ಆಗಸ್ಟಿನ ಉದ್ಘಾಟನೆ. ಮುನಿಗಳು ನಡುವೆ ಬಾಯಿ ಹಾಕದೆ ಕೇಳಿದರು.

“ರೋಗಿಗೆ ಒಳ್ಳೇದಾಗತೈತಿ ಅಂದ ಅವ. ಆಗೂದಿಲ್ಲೇನವಾ?”

“ಆಗಬಹುದು ಮಹಾರಾಜ. ಕೆಡಕೂ ಆಗಬಹುದು. ಯಾವುದಂತ ನೋಡೂ ವ್ಯಾಳ್ಯಾ ಈಗ ಯಾರಿಗೂ ಇಲ್ಲ.”

“ಹಂಗಾದ್ರ ತೆರೀಬ್ಯಾಡ್ರಿ ಅಂತ ನಾ ಹೇಳ್ಲೇನು?”

ಬಾಬಾಸಾಹೇಬರ ಮುಖ ಅರಳಿತು. ಇಷ್ಟೇ ಬೇಕಾಗಿತ್ತು: ಮಗಳು ಒಂದು ಹೂಂ ಅಂದರೆ ಅವಳ ಹಟವೂ ಉಳಿಯುತ್ತದೆ, ಅಪ್ಪನ ಮಾನವೂ. ಶಾಂತಿನಾಥ ಕಾಕಾ ಕೂಡ ಎದುರಾಡುವಂತಿಲ್ಲ.

“ಬ್ಯಾಡ್ರಿ,” ಎಂದಳು ಸೋನಲ. “ಹೂಂ ಅನ್ನೂದೂ ಬ್ಯಾಡ, ಬ್ಯಾಡ ಅನ್ನೂದೂ ಬ್ಯಾಡ. ಈ ನೇಮ ನೀವು ಕೊಟ್ಟದ್ದಲ್ಲ ಮಹಾರಾಜ, ನಾ ಹಾಕಿದ್ದು. ಸರಿ ಐತೋ ತಪ್ಪೈತೋ, ನನ್ನ ಹೆಸರಿಗೆ ಬರಲಿ. ಇವತ್ತ ನಿಮ್ಮ ಮಾತಿನಿಂದ ಮುಚ್ಚಿದ್ರ, ನಾಳೆ ಮತ್ತೊಬ್ಬರ ಮಾತಿನಿಂದ ತೆರೀಬೇಕಾಗತೈತಿ.”

“ಮತ್ತ ನನ್ನ ಹಂತ್ಯಾಕ ಯಾಕ ಬಂದಿ?”

“ಇವ ನಿಮ್ಮ ಹೆಸರು ಹಿಡಕೊಂಡು ಊರ ತುಂಬ ತಿರಗಾಕತ್ತಾನ. ಅದು ನಿಮಗ ಗೊತ್ತಿರಲಿ ಅಂತ.”

ಮುನಿಗಳು ಧೀರಜನತ್ತ ಒಂದು ಸಲ ನೋಡಿದರು. ನವಿಲುಗರಿಯ ಪಿಂಛಿ ಎತ್ತಿಕೊಂಡು, ಮುಂದಿನ ನೆಲವನ್ನು ಮೆಲ್ಲಗೆ ಗುಡಿಸಿ ಒಳಗೆ ನಡೆದರು. ಅವರು ಮೆಚ್ಚಿದರೋ ನೊಂದರೋ, ಅಲ್ಲಿದ್ದವರು ಇಂದಿಗೂ ವಾದ ಮಾಡುತ್ತಾರೆ. ಬಾಬಾಸಾಹೇಬರು ಮಗಳೊಡನೆ ಹಲವು ದಿನ ಮಾತಾಡಲಿಲ್ಲ. ಅದನ್ನು ಅವಳು ಸಹಿಸಿಕೊಂಡಳು ಎಂದು ಬರೆದರೆ ಸುಳ್ಳಾಗುತ್ತದೆ. ಅತ್ತಳು, ಅತ್ತು ಬ್ರಾಂಚ್ ಮುಚ್ಚಿಯೇ ಇಟ್ಟಳು.

ದುಡ್ಡಿದ್ದವರಿಗೆ ಮುನಿಗಳ ಅಪ್ಪಣೆ ಬೇಕಾಗಿರಲಿಲ್ಲ, ಅದು ಧೀರಜನಿಗೆ ತಡವಾಗಿ ಹೊಳೆಯಿತು. ಕಂಪನಿ ಪುಣೆಯ ಹುಡುಗರನ್ನು ನೌಕರಿಗೆ ತೆಗೆದುಕೊಂಡಿತು. ತಪಾಸ್ ಇಟ್ಟ ಜಾಗದ ಕೀಲಿಗಳನ್ನು ಕೊಡುವವರೂ ಕಸಿಯುವವರೂ ಮೊದಲಿನಿಂದ ಅವರೇ. ಹುಡುಗರು ಇಂಗ್ಲಿಷಿನಲ್ಲಿ ಸವಿಯಾಗಿ ಒಂದು ಪತ್ರ ಬರೆದರು: ನಿಮ್ಮ ಸೇವೆಗೆ ಋಣಿಗಳು, ಯೋಜನೆ ಬೆಳೆಯುತ್ತಿದೆ, ಸ್ಟೇಬಲ್ ಬ್ರಾಂಚಿನ ಹೊಣೆಯನ್ನು ಇನ್ನು ಒಂದು ತಂಡ ನೋಡಿಕೊಳ್ಳುತ್ತದೆ. ಸೋನಲ ಇದನ್ನು ಎರಡು ಪಾಠಗಳ ನಡುವೆ ಕ್ಲಾಸಿನ ಕಂಪ್ಯೂಟರಿನಲ್ಲಿ ಓದಿದಳು. ತನ್ನ ಕೀಲಿ ಹಾಕಿ ನೋಡಿದಳು. ತೆರೆಯಲಿಲ್ಲ. ಹೊಸ ತಂಡ ಅದೇ ದಿನ ಬಾಗಿಲು ತೆರೆದು ಮೊಬೈಲಿನ ಸೌಕರ್ಯವನ್ನು ಒಳಗೆ ಸುರಿಯಿತು.

ಈ ದೇಶದಲ್ಲಿ 'ಬೆಳೆಯುತ್ತಿದೆ' ಎಂಬ ಒಂದು ಶಬ್ದ ಸಾಕು, ಯಾರನ್ನಾದರೂ ಮನೆಗೆ ಕಳಿಸಬಹುದು. ಗಿರಣಿಯವನನ್ನು ಹಾಗೆಯೇ ಕಳಿಸಿದರು, ಟಾಂಗಾದವನನ್ನು ಹಾಗೆಯೇ. ಅವರಿಗೆ ಕೈಯಲ್ಲಿ ಏನೂ ಉಳಿಯಲಿಲ್ಲ. ಇಲ್ಲಿ ಮಾತ್ರ ಕಂಪನಿಯವರು ಒಂದನ್ನು ಮರೆತರು. ಪುಕ್ಕಟೆ ಎಂದು ತಾವು ಎತ್ತಿಕೊಂಡ ಕೋಡ್ ಎಲ್ಲರದ್ದಾಗಿತ್ತು. ಅವರು ಎತ್ತಿಕೊಳ್ಳಬಹುದಾದರೆ ಸೋನಲಳೂ ಎತ್ತಿಕೊಳ್ಳಬಹುದು. ಅವಳು ಎತ್ತಿಕೊಂಡಳು. ತನ್ನ ಕೈಯಿಂದ ಕೀಲಿ ತಪ್ಪುವ ಮುಂಚಿನ ಸ್ಟೇಬಲ್ ಬ್ರಾಂಚನ್ನು ಹಾಗೆಯೇ ತೆಗೆದು ಬೇರೆ ಕಡೆ ಇಟ್ಟಳು, 'ತಪಾಸ್ ಮಿರಜ' ಎಂದು ಹೆಸರಿಟ್ಟಳು. ಲ್ಯಾಬುಗಳಿಗೆ ಮರಾಠಿಯಲ್ಲಿ, ಕನ್ನಡದಲ್ಲಿ, ಹಿಂದಿಯಲ್ಲಿ ಬರೆದು ತಿಳಿಸಿದಳು: ಇನ್ನು ಎರಡು ತಪಾಸ್ ಇವೆ. ಅವರದರಲ್ಲಿ ಹೊಸ ಸೌಕರ್ಯ ಇದೆ. ನನ್ನದರಲ್ಲಿ ಕಾರ್ತಿಕದವರೆಗೆ ರಿಪೇರಿ ಮಾತ್ರ. ಬೇಕಾದದ್ದನ್ನು ಆರಿಸಿಕೊಳ್ಳಿ.

ಬಹಳ ಜನ ಅವರದನ್ನೇ ಆರಿಸಿಕೊಂಡರು. ಇಂದೂರಿನ ಕೆಲವರು, ನೇಪಾಳದ ಡಾಕ್ಟರು ಮತ್ತು ಮಿರಜದ ಬೆರಳೆಣಿಕೆಯ ಲ್ಯಾಬಿನವರು ಇವಳ ಕಡೆ ಉಳಿದರು. ಆಗಸ್ಟಿನಲ್ಲಿ ಮಂತ್ರಿ ಬಂದರು, ರಿಬ್ಬನ್ ಕತ್ತರಿಸಿದರು, ಒಂದು ಬಟನ್ ಒತ್ತಿದರು, ಮೊಬೈಲು ಟಣ್ ಎಂದಿತು, ಚಪ್ಪಾಳೆ.

ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಕಂಪನಿಯ ಕೇಂದ್ರಗಳಲ್ಲಿ ಆ ಮಳೆಗಾಲ ಯಾರ ಪ್ರಾಣಕ್ಕೂ ಕುತ್ತು ಬಂದದ್ದು ಕೇಳಿಲ್ಲ. ಸೋನಲ ಹೇಳಿದ್ದು ಸರಿ ಎಂದು ತೋರಿಸಲು ಒಂದು ಹೆಣ ಬೇಕು ಅನ್ನುವವರಿಗೆ ಕೊಡಲು ಇಲ್ಲಿ ಹೆಣವಿಲ್ಲ. ಇಲ್ಲದ್ದು ಒಳ್ಳೆಯದೇ ಆಯಿತು. ಆದರೆ ಅನಾಹುತವಾದರೆ ಮಾತ್ರ ಎಚ್ಚರಿಕೆಗೆ ಬೆಲೆ ಕೊಡುತ್ತೇವೆ ಅನ್ನುವ ಜನರ ಕೈಗೆ ಯಾವ ರೋಗಿಯ ರಿಪೋರ್ಟೂ ಸಿಗಬಾರದು.

ಸ್ಟೇಶನ್ ರಸ್ತೆಯಲ್ಲಿ ಮಲ್ಲಿಕಾರ್ಜುನ ಎಂಬವರದ್ದೊಂದು ಲ್ಯಾಬು ಇದೆ. ಭಾದ್ರಪದದ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಅಲ್ಲಿಯ ಹಳೆಯ ಮಷೀನಿನಿಂದ ಅಂಕಿಗಳು ಕಂಪ್ಯೂಟರಿಗೆ ಬರುವುದು ನಿಂತಿತು. ಸೋನಲ ಬಂದು ಸರಿಮಾಡುತ್ತ ಕೂತಿದ್ದಳು. ಇದು ರಿಪೇರಿ, ಇದಕ್ಕೆ ಅವಳ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಬೆಂಚು ತುಂಬಿತ್ತು. ಅಷ್ಟರಲ್ಲಿ ಧೀರಜ ಬಂದ. ಉಳಿದ ಲ್ಯಾಬುಗಳನ್ನು ಒಂದೊಂದಾಗಿ ತಮ್ಮ ಕಡೆ ಎಳೆಯುವ ಕೆಲಸ ಈಗ ಅವನದು.

“ಮಲ್ಲಿಕಾರ್ಜುನ ಕಾಕಾ, ಎಷ್ಟ ದಿವಸ ಕಾಗದದಾಗ ಇರ್ತೀರಿ? ಬಾಜೂಕಿನ ಲ್ಯಾಬಿನ್ಯಾಗ ಮೊಬೈಲಿಗೆ ರಿಪೋರ್ಟ್ ಬರಾಕತ್ತೈತಿ. ನಾ ಇವತ್ತ ಹಾಕಿ ಕೊಟ್ಟ ಹೋಗ್ತೀನಿ.”

ಮಲ್ಲಿಕಾರ್ಜುನ ತಲೆ ಕೆರೆದುಕೊಂಡರು. ಗಿರಾಕಿ ಪಕ್ಕದ ಲ್ಯಾಬಿಗೆ ಹೋಗುವುದನ್ನು ಅವರು ದಿನವೂ ಕಣ್ಣಾರೆ ನೋಡುತ್ತಿದ್ದರು.

“ಸೋನಲಬಾಯಿ, ನೀವರೇ ಹೇಳ್ರಿ. ಕಾರ್ತಿಕ ಮುಗದ ಮ್ಯಾಲ ನಿಮ್ಮದರಾಗ ಖರೇ ಬರತೈತೇನ್ರಿ ಅದು?”

“ಬರತೈತ್ರಿ. ಮದಲ ನಿಮ್ಮಲ್ಲೇ ಕೂತು, ಕರೆಂಟ್ ತಗದ ಹಾಕಿ, ಫೋನ್ ನಂಬರ್ ತಪ್ಪ ಹಾಕಿ ನೋಡ್ತೀನಿ. ಕೆಟ್ಟರ ನನ್ನ ಮುಂದ ಕೆಡಲಿ.”

“ಅಲ್ಲಿತನಕ ಗಿರಾಕಿ?”

“ಕೆಲವರು ಹೋಗ್ತಾರ್ರಿ. ಅದಕ್ಕ ನನ್ನ ಹಂತ್ಯಾಕ ಉತ್ತರ ಇಲ್ಲ.”

ಧೀರಜ ನಕ್ಕ. “ಕೇಳಿದ್ರಿ? ಉತ್ತರ ಇಲ್ಲಂತ! ಅಕ್ಕಾ, ನಮ್ಮ ಸೆಂಟರ್ ಎಲ್ಲಾ ಛಂದ ನಡದಾವ. ಏನ ಆತು? ಏನೂ ಆಗಲಿಲ್ಲ. ಈಗರೇ ಒಪ್ಪಕೋ.”

“ಏನೂ ಆಗಲಿಲ್ಲ, ಭಾಳ ಚಲೋ ಆತು,” ಎಂದಳು ಸೋನಲ, ಪರದೆಯಿಂದ ಕಣ್ಣು ತೆಗೆಯದೆ. “ಮುಂದಿನ ಆಷಾಢಕ್ಕೂ ಮುಚ್ಚತೀನಿ.”

“ಯಾರ ಸಲುವಾಗಿ? ನಿನ್ನ ಕಡೆ ಉಳದಾರರೇ ಎಷ್ಟ ಮಂದಿ?”

ಮಲ್ಲಿಕಾರ್ಜುನ ಇಬ್ಬರನ್ನೂ ನೋಡಿದರು. ಆಮೇಲೆ ಹೊಸ್ತಿಲಾಚೆಯ ಬೆಂಚಿನ ಕಡೆ ನೋಡಿದರು; ಒಬ್ಬ ತಾಯಿ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದಳು.

“ಧೀರಜ, ಕಾರ್ತಿಕ ಆಗ್ಲಿ, ನೋಡೂಣು. ಈಗ ಇದನ್ನ ಬಿಚ್ಚೂದು ನನ್ನ ಕೈಲಾಗೂದಿಲ್ಲ,” ಎಂದರು.

ಮಷೀನು ಗುರ್ ಎಂದಿತು. ಪರದೆಯ ಮೇಲೆ ಅಂಕಿಗಳು ಬರತೊಡಗಿದವು. ಸೋನಲ ಅವನ್ನು ಮಷೀನಿನ ಕಾಗದದ ಪಕ್ಕದಲ್ಲಿಟ್ಟು ಒಂದು ಸಲ ನೋಡಿದಳು, ಎರಡನೆಯ ಸಲ ನೋಡಿದಳು. ಧೀರಜ ಇನ್ನೂ ಹೊಸ್ತಿಲ ಮೇಲೆ, ಮಗು ಹೊತ್ತ ತಾಯಿಗೆ ಅಡ್ಡವಾಗಿ ನಿಂತಿದ್ದ.

“ಬಾಗಲಾ ಬಿಟ್ಟ ನಿಂದ್ರೋ,” ಎಂದಳು ಅವಳು. “ಆ ತಾಯೀನ ಒಳಗ ಬಿಡು.”